ಲಕ್ಷ್ಮಿದೇವಮ್ಮನ ಮೂರನೆಯ ದಿನ

ಸಂಪತ್ಕುಮಾರ ಲಕ್ಷ್ಮಿದೇವಮ್ಮನನ್ನು ಮೊದಲು ನೋಡಿದ್ದು ತೊಂಬತ್ತೈದನೆಯ ಇಸವಿಯ ಜೂನ್ ತಿಂಗಳ ಒಂದು ಸೋಮವಾರ. ಹಾಸನದ ಒಂದು ಖಾಸಗಿ ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಅವನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಿಳಿ ರಕ್ತಕಣಗಳನ್ನು ಎಣಿಸುತ್ತ ಕುಳಿತಿದ್ದ. ಬಾಗಿಲಲ್ಲಿ ಯಾರೋ ಬಂದು ನಿಂತ ಹಾಗಾಯಿತು. ಎಣಿಕೆ ತಪ್ಪಬಾರದೆಂದು ತಲೆ ಎತ್ತಲಿಲ್ಲ. ನೂರು ಕಣ ಮುಗಿಸಿ, ಕಾಗದದ ಮೇಲೆ ಗುರುತು ಹಾಕಿ, ಆಮೇಲೆ ನೋಡಿದರೆ ಸುಮಾರು ನಲವತ್ತು ವರ್ಷದ, ಎತ್ತರದ ಹೆಂಗಸೊಬ್ಬಳು ಕೈಚೀಲ ಹಿಡಿದು ನಿಂತಿದ್ದಳು.

"ಯಾರಮ್ಮ ನೀವು?"

"ಆಯಾ ಕೆಲ್ಸಕ್ಕೆ ಬಂದಿವ್ನಿ ಸಾ. ಆಪೀಸ್ನೋರು ನಿಮ್ಮತ್ರ ಓಗು ಅಂದ್ರು."

"ಬಂದು ಎಷ್ಟು ಹೊತ್ತಾಯಿತು?"

"ನೀವು ಎಣಿಸೋಕೆ ಸುರು ಮಾಡ್ದಾಗ್ಲಿಂದ ಇಲ್ಲೇ ಇವ್ನಿ."

"ಒಂದು ಸಲ ಕೂಗಬಾರದಿತ್ತೆ?"

"ಎಣಿಸೋರ್ನ ಕೂಗಿದ್ರೆ ಮತ್ತೆ ಮೊದ್ಲಿಂದ ಎಣಿಸ್ಬೇಕಲ್ವಾ ಸಾ. ನಾವೂ ತೆಂಗಿನಕಾಯಿ ಎಣಿಸೋ ಮನೆಯೋರೇ."

ಸಂಪತ್ಕುಮಾರನಿಗೆ ಆ ಮಾತು ಬಹಳ ಹಿಡಿಸಿತು. ಹನ್ನೆರಡು ವರ್ಷದಿಂದ ಅವನು ಆ ಕುರ್ಚಿಯಲ್ಲಿ ಕುಳಿತು ಎಣಿಸುತ್ತಿದ್ದ. ಎಣಿಸುವವನನ್ನು ನಡುವೆ ಮಾತನಾಡಿಸಬಾರದೆಂಬ ತಿಳಿವಳಿಕೆ ಆ ಆಸ್ಪತ್ರೆಯ ಡಾಕ್ಟರುಗಳಿಗೂ ಇರಲಿಲ್ಲ. ಅವನು ಆಕೆಗೆ ಒಂದು ಔಷಧದ ಸೀಸೆ ಕೊಟ್ಟು ಚೀಟಿ ಓದಿಸಿದ. ಏಳನೆಯ ತರಗತಿಯವರೆಗೆ ಓದಿದ್ದ ಆಕೆ ಅಕ್ಷರ ಅಕ್ಷರ ಕೂಡಿಸಿ ಸರಿಯಾಗಿಯೇ ಓದಿದಳು. ಊರು ಹಿರೀಸಾವೆ, ಗಂಡ ಚನ್ನಪ್ಪ ಹೆದ್ದಾರಿಯ ಹೋಟೆಲೊಂದರಲ್ಲಿ ಅಡುಗೆಯವನಾಗಿದ್ದು, ಈಗ ಹಾಸನದ ಬಸ್ ನಿಲ್ದಾಣದ ಬಳಿ ಕೆಲಸಕ್ಕೆ ಸೇರಿದ್ದಾನೆ. "ಕೈ ಶುದ್ಧವಾಗಿದೆ, ತಾಳ್ಮೆಯಿದೆ, ಸೇರಿಸಿಕೊಳ್ಳಿ" ಎಂದು ಸಂಪತ್ಕುಮಾರನೇ ಆಫೀಸಿಗೆ ಹೇಳಿದ. ಮುಂದೆ ಅವನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿದ ದಿನಗಳಲ್ಲಿ, ಈ ಕಿಚ್ಚಿಗೆ ಕಡ್ಡಿ ಗೀರಿದವನು ತಾನೇ ಎಂಬುದು ಅವನಿಗೆ ಮತ್ತೆ ಮತ್ತೆ ನೆನಪಾಗುತ್ತಿತ್ತು.

ಸಂಪತ್ಕುಮಾರ ಕೆಟ್ಟವನಲ್ಲ. ಹೊಳೆನರಸೀಪುರದ ಅರ್ಚಕರ ಮನೆಯಲ್ಲಿ ಹುಟ್ಟಿದವನು. ತಂದೆ ಪಂಚಾಂಗ ನೋಡಿ ಊರಿಗೆಲ್ಲ ತಿಥಿ, ವಾರ ಹೇಳುತ್ತಿದ್ದವರು. ಅವರು ಹೋದ ಮೇಲೆಯೂ ತಾಯಿ ಶ್ರೀರಂಗಮ್ಮ ಮಗನಿಂದ ದಿನವೂ ಸಂಧ್ಯಾವಂದನೆ ಮಾಡಿಸಿಯೇ ಬಸ್ಸಿಗೆ ಕಳಿಸುತ್ತಿದ್ದರು. ಡಾಕ್ಟರಾಗಬೇಕೆಂದಿದ್ದವನಿಗೆ ಅಂಕ ಸಾಲದೆ, ಮೈಸೂರಿನಲ್ಲಿ ರಕ್ತಪರೀಕ್ಷೆಯ ತರಬೇತಿ ಪಡೆದು ಬಂದ. ಅವನ ಎಣಿಕೆ ಎಂದೂ ತಪ್ಪುತ್ತಿರಲಿಲ್ಲ. ಆದರೆ ಆ ಎಣಿಕೆಯ ಕೆಳಗೆ ಸಹಿ ಹಾಕುವವರು ಡಾಕ್ಟರು. ರೋಗಿ ಕೈಮುಗಿಯುತ್ತಿದ್ದುದೂ ಡಾಕ್ಟರಿಗೇ. ಎಲ್ಲಿಯಾದರೂ ಒಂದು ಕಡೆ ತನ್ನ ಹೆಸರು ಅಚ್ಚಾಗಬೇಕೆಂಬ ಆಸೆಯನ್ನು ಅವನು ಹೆಂಡತಿ ಹಂಸಳ ಹತ್ತಿರ ಮಾತ್ರ ಹೇಳಿಕೊಂಡಿದ್ದ.

ಆ ಆಸೆಗೆ ಜೀವ ಬಂದದ್ದು ತೊಂಬತ್ತೇಳರಲ್ಲಿ, ಡಾಕ್ಟರ್ ಪ್ರದ್ಯುಮ್ನ ಬಂದಾಗ. ತಲೆಗೆ ಪೆಟ್ಟಾದವರನ್ನು ನೋಡುವುದರಲ್ಲಿ ನುರಿತವರು. ಹೆದ್ದಾರಿಯ ಅಪಘಾತಗಳು, ತೆಂಗಿನ ಮರದಿಂದ ಬಿದ್ದವರು, ಗೊನೆ ತಲೆಯ ಮೇಲೆ ಬಿದ್ದವರು ಎಂದು ವಾರಕ್ಕೆ ಇಬ್ಬರು ಮೂವರಾದರೂ ಬರುತ್ತಿದ್ದರು. ಪ್ರದ್ಯುಮ್ನ ಬೆಂಗಳೂರಿನ ತಮ್ಮ ಗುರುಗಳೊಡನೆ ಸೇರಿ ಒಂದು ಅಧ್ಯಯನ ಆರಂಭಿಸಿದರು. ಪೆಟ್ಟು ಬಿದ್ದ ಆರು, ಇಪ್ಪತ್ತನಾಲ್ಕು, ನಲವತ್ತೆಂಟು, ಎಪ್ಪತ್ತೆರಡು ಗಂಟೆಗಳಿಗೆ ರಕ್ತ ತೆಗೆದು, ತಿಳಿಯನ್ನು ಬೇರ್ಪಡಿಸಿ, ಮಂಜುಗಡ್ಡೆ ತುಂಬಿದ ಫ್ಲಾಸ್ಕಿನಲ್ಲಿ ಬಸ್ಸಿನ ಮೇಲೆ ಬೆಂಗಳೂರಿಗೆ ಕಳಿಸಬೇಕು. ಆ ಕೆಲಸ ಸಂಪತ್ಕುಮಾರನದು. "ಲೇಖನ ಅಚ್ಚಾದಾಗ ಕೊನೆಯಲ್ಲಿ ಸಹಾಯ ಮಾಡಿದವರ ಹೆಸರು ಹಾಕುತ್ತೇವೆ, ನಿಮ್ಮದು ಇರುತ್ತದೆ" ಎಂದರು ಡಾಕ್ಟರು. ಅಂದು ಅವನು ಮನೆಗೆ ಮಲ್ಲಿಗೆ ಹೂವು, ಮೈಸೂರುಪಾಕು ತೆಗೆದುಕೊಂಡು ಹೋದ.

ಒಂದು ಮಧ್ಯಾಹ್ನ ಡಾಕ್ಟರು ಎಲ್ಲ ಸಿಬ್ಬಂದಿಯನ್ನೂ ಕೂರಿಸಿಕೊಂಡು ವಿಷಯ ವಿವರಿಸಿದರು. ಪೆಟ್ಟು ಬಿದ್ದ ಗಳಿಗೆಯಲ್ಲಿ ಮಿದುಳಿಗೆ ಆಗುವ ಹಾನಿ ಒಂದು. ಅದು ಆಗಿಹೋಯಿತು, ಅದಕ್ಕೆ ನಾವು ಏನೂ ಮಾಡಲಾರೆವು. ಆದರೆ ಎರಡನೆಯ ಹಾನಿಯೊಂದಿದೆ. ಅದು ಮೆಲ್ಲನೆ ಬರುತ್ತದೆ. ಗಾಯವಾದ ಕಡೆಯ ರಕ್ತನಾಳಗಳ ಒಳಗೋಡೆಯ ಮೇಲೆ ಕೆಲವು ಗಂಟೆಗಳಲ್ಲೇ ಒಂದು ಬಗೆಯ ಅಂಟು ಅಣುಗಳು ಮೂಡುತ್ತವೆ. ರಕ್ತದಲ್ಲಿ ತಮ್ಮ ಪಾಡಿಗೆ ಹರಿದುಹೋಗುವ ಬಿಳಿ ಕಣಗಳನ್ನು ಅವು ತಡೆಯುತ್ತವೆ. ಕಣಗಳು ಮೊದಲು ಗೋಡೆಗುಂಟ ಉರುಳುತ್ತವೆ, ಆಮೇಲೆ ಅಂಟಿಕೊಳ್ಳುತ್ತವೆ, ಕೊನೆಗೆ ಗೋಡೆಯ ಸಂದಿನಲ್ಲಿ ನುಸುಳಿ ಮಿದುಳಿನೊಳಕ್ಕೆ ಇಳಿಯುತ್ತವೆ. ಬರುವುದು ಗಾಯವನ್ನು ಶುದ್ಧಮಾಡಲೆಂದೇ. ಆದರೆ ಅಲ್ಲಿ ಅವು ಸುರಿಸುವ ರಸಗಳಿಂದ ಚೆನ್ನಾಗಿದ್ದ ಭಾಗಕ್ಕೂ ಉರಿಯೂತ ಹಬ್ಬುತ್ತದೆ. ನಾಳಗಳು ಸೋರಿ ಮಿದುಳು ಬಾತುಕೊಳ್ಳುತ್ತದೆ. ಕೈಯೋ ಕಾಲೋ ಬಾತರೆ ಚರ್ಮ ಹಿಗ್ಗುತ್ತದೆ, ತಲೆಬುರುಡೆ ಹಿಗ್ಗುವುದಿಲ್ಲ. ಆದ್ದರಿಂದ ಎರಡನೆಯ, ಮೂರನೆಯ ದಿನಗಳೇ ಹೆಚ್ಚು ಭಯದ ದಿನಗಳು.

"ಇದನ್ನು ಜನಕ್ಕೆ ಅರ್ಥವಾಗುವ ಹಾಗೆ ಹೇಳೋದು ಹೇಗೆ?" ಎಂದು ಡಾಕ್ಟರು ಕೇಳಿದರು.

ಸಂಪತ್ಕುಮಾರ ಗಂಟಲು ಸರಿಮಾಡಿಕೊಂಡ. ಬಿಳಿ ಕಣಗಳ ಐದು ಜಾತಿಗಳನ್ನೂ ಅವುಗಳ ಇಂಗ್ಲಿಷ್ ಹೆಸರುಗಳನ್ನೂ ಅವನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿರುವಾಗಲೇ, ಹಿಂದೆ ಗೋಡೆಗೆ ಒರಗಿ ನಿಂತಿದ್ದ ಲಕ್ಷ್ಮಿದೇವಮ್ಮ ಬಾಯಿಬಿಟ್ಟಳು.

"ನಮ್ಮ ಹಿರೀಸಾವೇಲಿ ರೋಡ್ನಾಗೆ ಲಾರಿ ಮಗುಚ್ಕಂಡ್ರೆ ಅಂಗೇ ಆಯ್ತದೆ ಸಾ. ಓಗೋ ಬರೋ ಗಾಡಿಯೋರೆಲ್ಲ ನಿಲ್ಲುಸ್ತಾರೆ. ಮೊದ್ಲು ನಿಧಾನ ಮಾಡ್ತಾರೆ, ಆಮ್ಯಾಕೆ ನಿಂತ್ಬುಡ್ತಾರೆ, ಆಮ್ಯಾಕೆ ಇಳ್ದು ಗದ್ದೆಗೇ ನುಗ್ತಾರೆ. ಪಾಪ, ಸಾಯ ಮಾಡೋಕೇ ಬರೋದು. ರೋಡು ಕಟ್ಕಂಡು ಆಂಬುಲೆನ್ಸು ಒಳೀಕೆ ಬರಾಕಾಗಕಿಲ್ಲ, ನಾಟಿ ಮಾಡಿದ್ ಗದ್ದೆನೂ ತುಳ್ದು ಆಳಾಯ್ತದೆ."

ಡಾಕ್ಟರು ಜೇಬಿನಿಂದ ಪೆನ್ನು ತೆಗೆದು ಅದನ್ನು ಬರೆದುಕೊಂಡರು. ಮುಂದೆ ರೋಗಿಗಳ ಕಡೆಯವರಿಗೆ ಅವರು ಹೇಳುತ್ತಿದ್ದುದು ಹಿರೀಸಾವೆಯ ಲಾರಿಯ ಕಥೆಯನ್ನೇ. ಪ್ರತಿ ಸಲವೂ "ಇದು ನಮ್ಮ ಲಕ್ಷ್ಮಿದೇವಮ್ಮ ಹೇಳಿದ್ದು" ಎಂದು ಸೇರಿಸುತ್ತಿದ್ದರು. ಪ್ರತಿ ಸಲವೂ ಸಂಪತ್ಕುಮಾರನ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಹದಿನಾಲ್ಕು ವರ್ಷ ಬಿಳಿ ಕಣಗಳನ್ನು ಕಣ್ಣಾರೆ ನೋಡಿದವನು ತಾನು. ಒಂದು ಕಣವನ್ನೂ ನೋಡದವಳು ಅವುಗಳ ನಡತೆಯನ್ನು ವರ್ಣಿಸಿಬಿಟ್ಟಿದ್ದಳು.

ಅಷ್ಟೇ ಆಗಿದ್ದರೆ ಮರೆಯುತ್ತಿದ್ದನೇನೋ. ಲಕ್ಷ್ಮಿದೇವಮ್ಮನಿಗೆ ತನ್ನದೇ ಒಂದು ಕ್ರಮವಿತ್ತು. ತಲೆಗೆ ಪೆಟ್ಟಾದ ರೋಗಿ ಬಂದೊಡನೆ ಅವನು ನಿದ್ದೆಗಣ್ಣಿನಲ್ಲೂ ತಪ್ಪು ಹೇಳಲಾರದಂಥ ಒಂದೇ ಒಂದು ಪ್ರಶ್ನೆಯನ್ನು ಆಕೆ ಹುಡುಕಿಕೊಳ್ಳುತ್ತಿದ್ದಳು. ಬಸ್ ಕಂಡಕ್ಟರನಿಗೆ ಅವನ ರೂಟಿನ ನಿಲ್ದಾಣಗಳು. ಮುದುಕಿಗೆ ಮೊಮ್ಮಕ್ಕಳ ಹೆಸರು. ಮುಖ ಒರೆಸುವಾಗ, ಹೊದಿಕೆ ಸರಿಮಾಡುವಾಗ, ಎರಡು ಗಂಟೆಗೊಮ್ಮೆ ಅದನ್ನೇ ಕೇಳುವುದು. ಉತ್ತರ ಸರಿಯಾಗಿದ್ದರೆ ಸಾಲದು. ಹೇಳಿದ ಧಾಟಿ ಬದಲಾದರೂ ಆಕೆ ಡಾಕ್ಟರಿಗೆ ತಿಳಿಸುತ್ತಿದ್ದಳು. ಎರಡು ಸಲ ಹಾಗೆ ತಿಳಿಸಿದ್ದು ನಿಜವಾಯಿತು. ಪ್ರದ್ಯುಮ್ನ ಅಧ್ಯಯನದ ಹಾಳೆಯಲ್ಲಿ 'ಲಕ್ಷ್ಮಿದೇವಮ್ಮ ಕಂಡದ್ದು' ಎಂದು ಒಂದು ಕಾಲಂ ಸೇರಿಸಿಬಿಟ್ಟರು. ಆ ಕಾಲಂ ಸಂಪತ್ಕುಮಾರನ ಎಣಿಕೆಯ ಕಾಲಮಿನ ಪಕ್ಕದಲ್ಲೇ ಇತ್ತು, ಅದಕ್ಕಿಂತ ಅಗಲವಾಗಿತ್ತು. ಲೇಖನದಲ್ಲಿ ಆಕೆಯ ಹೆಸರನ್ನೂ ಹಾಕುವುದಾಗಿ ಡಾಕ್ಟರು ಹೇಳಿದಾಗ ಆಕೆ, "ಯಾಕ್ ಸಾ, ನಮ್ಮನೇಲಿ ಇಂಗ್ಲೀಸ್ ಓದೋರ್ಯಾರವ್ರೆ?" ಎಂದು ನಕ್ಕು ಬಕೆಟ್ಟು ಎತ್ತಿಕೊಂಡು ಹೋದಳು. ತಾನು ಇಷ್ಟು ವರ್ಷ ಹಂಬಲಿಸಿದ್ದು ಆಕೆಗೆ ಬೇಕೇ ಇಲ್ಲವೆಂಬುದು ಅವನನ್ನು ಇನ್ನಷ್ಟು ಸುಟ್ಟಿತು.

ಮನೆಯಲ್ಲಿ ಹಂಸ ತಟ್ಟೆಗೆ ಹುಳಿ ಬಡಿಸುತ್ತ, "ಊಟ ಮುಗಿಯೋದರೊಳಗೆ ಅವಳ ಹೆಸರು ಒಂಬತ್ತು ಸಲ ಬಂತು. ನನ್ನ ಹೆಸರು ತಿಂಗಳಿಗೆ ಒಂಬತ್ತು ಸಲ ಕರೀತೀರೋ ಇಲ್ಲವೋ" ಎಂದಳು.

"ಏಳನೇ ಕ್ಲಾಸು ಓದಿರೋಳು ಕಣೇ. ಅವಳಿಗೆ ಒಂದು ಕಾಲಂ."

"ಸರಿ. ಒಂದು ಒಳ್ಳೆ ಪ್ರಶ್ನೆ ನೀವೂ ಕೇಳಿ. ಬೇಡ ಅಂದೋರು ಯಾರು?"

ಜಗುಲಿಯಿಂದ ಶ್ರೀರಂಗಮ್ಮನ ಧ್ವನಿ ಕೇಳಿತು: "ಅವನು ಚಿಕ್ಕಂದಿನಲ್ಲೂ ಹಾಗೇ. ಪಕ್ಕದ ಎಲೆಗೆ ಹೋಳಿಗೆ ದೊಡ್ಡದು ಬಿತ್ತು ಅಂತ ಎದ್ದು ಹೋಗಿದ್ದ."

ತೊಂಬತ್ತೆಂಟರ ಫೆಬ್ರವರಿಯಲ್ಲಿ, ಒಂದು ಗುರುವಾರ ಬೆಳಿಗ್ಗೆ ಏಳು ಗಂಟೆಗೆ, ಚನ್ನರಾಯಪಟ್ಟಣದ ಪಕ್ಕದ ಹಳ್ಳಿಯ ಕೆಂಪಣ್ಣನನ್ನು ಜೀಪಿನಲ್ಲಿ ಕರೆತಂದರು. ಸಂತೆಗೆ ಹೊರಟಿದ್ದ ಲಾರಿಯ ಮೇಲೆ ತೆಂಗಿನಕಾಯಿಗೆ ಹಗ್ಗ ಬಿಗಿಯುತ್ತಿದ್ದವನು ಜಾರಿ, ಕೆಳಗಿದ್ದ ಕಲ್ಲಿಗೆ ತಲೆ ಹೊಡೆಸಿಕೊಂಡಿದ್ದ. ಎಚ್ಚರವಿತ್ತು. ಜೊತೆಗೆ ಹೆಂಡತಿ ನಂಜಮ್ಮ, ಅಣ್ಣ ಬೈರಯ್ಯ ಬಂದಿದ್ದರು. ಅಧ್ಯಯನದ ಹಾಳೆ ತುಂಬುವುದು ಸಂಪತ್ಕುಮಾರನ ಕೆಲಸ.

"ಪೆಟ್ಟು ಬಿದ್ದದ್ದು ಯಾವಾಗ?"

"ಬುದ್ವಾರ ರಾತ್ರೆ ಕಳ್ದು ಸಾ, ಕೋಳಿ ಕೂಗೋ ಒತ್ತು. ನಾಕೂವರೆ ಇರ್ಬೋದು" ಎಂದ ಬೈರಯ್ಯ.

ಸಂಪತ್ಕುಮಾರ ಬರೆದ: ಬುಧವಾರ, ಬೆಳಿಗ್ಗೆ ನಾಲ್ಕೂವರೆ.

ಅವನ ಮಟ್ಟಿಗೆ ಅದು ತಪ್ಪಾಗಿರಲಿಲ್ಲ. ಸೂರ್ಯೋದಯವಾಗುವವರೆಗೆ ಹಿಂದಿನ ವಾರವೇ ನಡೆಯುತ್ತಿರುತ್ತದೆ. ಅರ್ಚಕರ ಮನೆಯಲ್ಲಿ ಹುಟ್ಟಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವನ ತಂದೆ ಊರಿನ ಹುಟ್ಟು ಸಾವುಗಳನ್ನೆಲ್ಲ ಹಾಗೆಯೇ ಗುರುತು ಮಾಡಿಕೊಳ್ಳುತ್ತಿದ್ದರು. ಪರೀಕ್ಷೆಯ ಕೋಣೆಗೆ ಸೂರ್ಯೋದಯಕ್ಕೆ ಮುಂಚಿನ ಕೆಲಸ ಬರುತ್ತಿರಲಿಲ್ಲವಾದ್ದರಿಂದ, ಪಂಚಾಂಗದ ವಾರಕ್ಕೂ ಗಡಿಯಾರದ ವಾರಕ್ಕೂ ಅಲ್ಲಿ ಎಂದೂ ತಿಕ್ಕಾಟವಾಗಿರಲಿಲ್ಲ. ಅಂದು ಕೈ ತನ್ನಷ್ಟಕ್ಕೆ ತಾನೇ ಬುಧವಾರವೆಂದು ಬರೆಯಿತು.

ಒಂಬತ್ತು ಗಂಟೆಗೆ ಬಂದ ಪ್ರದ್ಯುಮ್ನ ಹಾಳೆ ನೋಡಿದರು. ಬುಧವಾರ ಬೆಳಿಗ್ಗೆ ಬಿದ್ದವನನ್ನು ಒಂದು ದಿನ ಚನ್ನರಾಯಪಟ್ಟಣದಲ್ಲಿಯೇ ಇಟ್ಟುಕೊಂಡು ಆಮೇಲೆ ಕರೆತಂದಿದ್ದಾರೆಂದು ತಿಳಿದರು. ಹಾಗೆ ತಡವಾಗಿ ಬರುವವರು ಬೇಕಾದಷ್ಟು ಜನ. ಆರು ಗಂಟೆಯ ಸಾಲಿಗೆ ಅಡ್ಡಗೆರೆ ಎಳೆದು, ಇಪ್ಪತ್ತನಾಲ್ಕರ ರಕ್ತವನ್ನು ಈಗಲೇ ತೆಗೆಯುವಂತೆ ಬರೆದರು. ಸ್ಕ್ಯಾನ್ ಮಾಡಿಸಿದಾಗ ಮಿದುಳಿನ ಮೇಲೆ ಸಣ್ಣದೊಂದು ಜಜ್ಜುಗಾಯ ಕಂಡಿತು.

ರಕ್ತ ತೆಗೆಯಲು ಬಂದ ಸಂಪತ್ಕುಮಾರ ಆ ಅಡ್ಡಗೆರೆಯನ್ನು ನೋಡಿದ. ಏಕೆ ಹೀಗೆ ಎನಿಸಿತು. ಕೇಳಬಹುದಿತ್ತು. ಡಾಕ್ಟರು ಎರಡು ಮಾರು ದೂರದಲ್ಲೇ ನಿಂತಿದ್ದರು. ಆದರೆ ಅವರು ಲಕ್ಷ್ಮಿದೇವಮ್ಮನೊಡನೆ ಮಾತನಾಡುತ್ತ ನಗುತ್ತಿದ್ದರು. ಕೆಂಪಣ್ಣನಿಗೆ ಆಕೆ ಆರಿಸಿದ ಪ್ರಶ್ನೆ, ತೋಟದಲ್ಲಿ ಎಷ್ಟು ಮರ ಎಂಬುದು.

"ನೂರಾ ಹನ್ನೆಲ್ಡು. ಎಲ್ಡಕ್ಕೆ ಸಿಡ್ಲು ಒಡೆದದೆ, ಅವ್ನ ಲೆಕ್ಕಕ್ಕೆ ಇಟ್ಕಬ್ಯಾಡಿ" ಎಂದಿದ್ದ ಕೆಂಪಣ್ಣ.

"ಅಂಗಾರೆ ನೂರಾ ಹತ್ತು ಅನ್ನು."

"ಅದೆಂಗಕ್ಕಾ? ನಿಂತವಲ್ಲ ಇನ್ನೂವೆ?"

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಸಂಪತ್ಕುಮಾರ ಏನನ್ನೂ ಕೇಳದೆ ಸೂಜಿ ಚುಚ್ಚಿ, ನಳಿಗೆಯ ಮೇಲೆ ಇಪ್ಪತ್ತನಾಲ್ಕು ಎಂದು ಬರೆದುಕೊಂಡು ಹೊರಟುಹೋದ.

ಶನಿವಾರ ಬೆಳಿಗ್ಗೆ ಎಪ್ಪತ್ತೆರಡು ಗಂಟೆಯ ರಕ್ತವೆಂದು ಬರೆದ ನಳಿಗೆಯೂ ತುಂಬಿತು. ರೋಗಿ ಚೆನ್ನಾಗಿ ಮಾತನಾಡುತ್ತಿದ್ದ. ಭಯದ ದಿನಗಳು ಕಳೆದವೆಂದು ಡಾಕ್ಟರು ಅವನನ್ನು ನಿಗಾ ಕೋಣೆಯಿಂದ ಸಾಮಾನ್ಯ ವಾರ್ಡಿಗೆ ಕಳಿಸಿ, ಅರಕಲಗೂಡಿನಲ್ಲಿ ನೆಂಟರ ಮನೆಯ ಉಪನಯನಕ್ಕೆ ಹೊರಟರು. ಅಲ್ಲಿಯ ಫೋನ್ ನಂಬರನ್ನು ಹಿರಿಯ ಸಿಬ್ಬಂದಿಯೆಂದು ಸಂಪತ್ಕುಮಾರನ ಕೈಗೆ ಕೊಟ್ಟರು.

ಅವರ ಕಾರು ಹೋದ ಸ್ವಲ್ಪ ಹೊತ್ತಿಗೆ ಲಕ್ಷ್ಮಿದೇವಮ್ಮ ಪರೀಕ್ಷೆಯ ಕೋಣೆಗೆ ಬಂದಳು. ಅವನು ಎಣಿಸುತ್ತಿದ್ದ. ಎಂದಿನಂತೆ ಕಾದಳು. ಅವನು ಬೇಕೆಂದೇ ರಕ್ತ ಸವರಿದ ಇನ್ನೊಂದು ಗಾಜನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟುಕೊಂಡ. ಅದೂ ಮುಗಿಯುವವರೆಗೆ ಆಕೆ ಕದಲಲಿಲ್ಲ.

"ಏನು?"

"ಕೆಂಪಣ್ಣಂಗೆ ಮೂರು ದಿನ ಆಗಿಲ್ಲ ಕಣ್ ಸಾ. ಎಲ್ಡೇ ದಿನ ಆಗಿರೋದು. ವಾರ್ಡಿಗೆ ಆಕ್ಬಿಟ್ಟವ್ರೆ."

"ಯಾರು ಹೇಳಿದ್ದು?"

"ಯಾರೇಳ್ಬೇಕು? ಗುರ್ವಾರ ಬೆಳಗಾನ ಬಂದಾಗ ಅವ್ರ ಟವಲ್ನಾಗೆ ನೆತ್ರು ಇನ್ನಾ ಹಸಿ ಇತ್ತು. ನಾನೇ ಒಗ್ದಿದ್ದು. ಮುಂಚಿನ ದಿನದ ನೆತ್ರಾಗಿದ್ರೆ ಕರೆಕಟ್ಟಿರ್ತಿತ್ತಲ್ವಾ? ಬರೆಯೋವಾಗ ಏನೋ ಎಚ್ಚುಕಮ್ಮಿ ಆಗದೆ. ನೀವೇ ಡಾಕ್ಟ್ರಿಗೆ ಒಂದ್ಮಾತು ಹೇಳಿ. ನಾನ್ ಏಳಿದ್ರೆ ನಿಮ್ಮ್ಯಾಲೆ ಚಾಡಿ ಏಳ್ದಂಗಾಯ್ತದೆ."

ಆ ಕ್ಷಣದಲ್ಲೇ ಸಂಪತ್ಕುಮಾರನಿಗೆ ಎಲ್ಲವೂ ಹೊಳೆಯಿತು. ಬೈರಯ್ಯನ ಮಾತು, ತನ್ನ ಬುಧವಾರ, ಡಾಕ್ಟರ ಅಡ್ಡಗೆರೆ. ಲೆಕ್ಕ ಒಂದು ಇಡೀ ದಿನ ಮುಂದೆ ಹೋಗಿದೆ. ಫೋನು ಎತ್ತಿ ಅರಕಲಗೂಡಿಗೆ ಹೇಳಿದರೆ ಮುಗಿಯಿತು. ಆದರೆ ಏನೆಂದು ಹೇಳುವುದು? ನಾನು ತಪ್ಪು ಬರೆದೆ, ಬಟ್ಟೆ ಒಗೆಯುವವಳು ಹಿಡಿದಳು ಎಂದೇ? ಆ ಅಗಲವಾದ ಕಾಲಮಿನಲ್ಲಿ ಇದನ್ನೂ ಬರೆಯುತ್ತಾರೆ. ಲೇಖನದ ಕೊನೆಯಲ್ಲಿ ಉಳಿಯುವುದು ಯಾರ ಹೆಸರು?

"ಹಾಳೆಯಲ್ಲಿ ಬರೆದಿರೋದು ಬುಧವಾರ. ಡಾಕ್ಟರು ಒಪ್ಪಿದ್ದಾರೆ. ನೀನು ಒಗೆಯೋ ಕೆಲಸ ನೋಡು, ಬರೆಯೋ ಕೆಲಸ ನಾನು ನೋಡ್ಕೋತೀನಿ."

ಮೂರು ವರ್ಷದಿಂದ ಅವನು ಆಕೆಯನ್ನು ಒಮ್ಮೆಯೂ ಏಕವಚನದಲ್ಲಿ ಕರೆದಿರಲಿಲ್ಲ. ಲಕ್ಷ್ಮಿದೇವಮ್ಮ ಅವನ ಮುಖವನ್ನು ನೋಡಿದಳು. "ಆಯ್ತು ಸಾ" ಎಂದು ಹೊರಟುಹೋದಳು.

ಆ ಮೇಲಿನ ನಾಲ್ಕೂವರೆ ಗಂಟೆಗಳು ಹೇಗೆ ಕಳೆದವೆಂಬುದನ್ನು ಅವನು ಎಂದೂ ಮರೆಯಲಿಲ್ಲ. ಗಾಜಿನ ಮೇಲೆ ನೀಲಿಗೆಂಪು ಬಣ್ಣ ಹೀರಿದ ಬಿಳಿ ಕಣಗಳು ಕಾಣುತ್ತಿದ್ದವು. ಎಣಿಕೆ ಮೂವತ್ತಕ್ಕೆ ಬರುವಷ್ಟರಲ್ಲಿ ತಪ್ಪುತ್ತಿತ್ತು. ಅಂದು ಬೆಳಗಿನ ಕೆಂಪಣ್ಣನ ರಕ್ತದಲ್ಲಿ ಬಿಳಿ ಕಣಗಳು ಹದಿನಾರು ಸಾವಿರ ದಾಟಿದ್ದವು. ವಾಸಿಯಾಗುತ್ತಿರುವವನಿಗೆ ಅಷ್ಟು ಏಕೆ ಎಂದು ಬೆಳಿಗ್ಗೆ ಅವನಿಗೆ ತೋಚಿರಲಿಲ್ಲ. ಈಗ ತೋಚುತ್ತಿತ್ತು. ಒಂದೊಂದು ಸಲ ಏಳಬೇಕೆಂದುಕೊಂಡ. ಪ್ರತಿ ಸಲವೂ ಆ ಕಾಲಂ ಕಣ್ಣಮುಂದೆ ಬಂದು ಕೂರಿಸಿತು.

ವಾರ್ಡಿನಲ್ಲಿ ಎರಡು ಗಂಟೆಗೊಮ್ಮೆ ನೋಡುವ ನಿಯಮವಿರಲಿಲ್ಲ. ಆದರೂ ಲಕ್ಷ್ಮಿದೇವಮ್ಮ ಹೋಗಿ ಕೇಳುತ್ತಿದ್ದಳು. ಹನ್ನೆರಡು ಗಂಟೆಗೆ ಕೆಂಪಣ್ಣ "ನೂರಾ ಹನ್ನೆಲ್ಡು" ಎಂದು ಗೋಡೆಯ ಕಡೆ ಹೊರಳಿದ. ಸಿಡಿಲು ಬಡಿದ ಎರಡು ಮರಗಳ ಮಾತೆತ್ತಲಿಲ್ಲ. "ಊಟ ಆಯ್ತಲ್ಲಕ್ಕಾ, ನಿದ್ದೆ ಎಳೀತಾ ಅದೆ" ಎಂದಳು ನಂಜಮ್ಮ. ಲಕ್ಷ್ಮಿದೇವಮ್ಮ ಅಲ್ಲಿಯೇ ಸ್ಟೂಲು ಹಾಕಿಕೊಂಡು ಕುಳಿತಳು. ಎರಡು ಗಂಟೆಗೆ ಮತ್ತೆ ಎಬ್ಬಿಸಿ ಕೇಳಿದಾಗ ಅವನು ಕಣ್ಣು ಅರ್ಧ ತೆರೆದು, "ಮರಾ?" ಎಂದ, ಆ ಮಾತನ್ನು ಮೊದಲ ಸಲ ಕೇಳಿದವನಂತೆ.

ಕರ್ತವ್ಯದ ಡಾಕ್ಟರು ಹೆರಿಗೆಯೊಂದಕ್ಕೆ ಒಳಗೆ ಹೋಗಿದ್ದರು. ಲಕ್ಷ್ಮಿದೇವಮ್ಮ ಮತ್ತೆ ಪರೀಕ್ಷೆಯ ಕೋಣೆಯ ಬಾಗಿಲಿಗೆ ಬಂದಳು. ಈ ಸಲ ಕಾಯಲಿಲ್ಲ.

"ಅರಕಲಗೂಡಿನ ನಂಬರ್ ಕೊಡಿ ಸಾ."

ಸಂಪತ್ಕುಮಾರ ಎದ್ದು ಆಕೆಯ ಹಿಂದೆ ವಾರ್ಡಿಗೆ ಓಡಿದ. ಕೆಂಪಣ್ಣನ ಹೆಸರು ಹಿಡಿದು ಕೂಗಿದ. ರೆಪ್ಪೆ ಅಲುಗಿತು, ಅಷ್ಟೇ. ನಂಜಮ್ಮ ಏನಾಯಿತೆಂದು ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಅವನು ಆಫೀಸಿಗೆ ಹೋಗಿ ಡಯಲ್ ಮಾಡಿದ. ಆ ಕಡೆ ವಾದ್ಯದ ಸದ್ದು. ಡಾಕ್ಟರು ಬಂದು ಫೋನು ಹಿಡಿದರು.

"ಸಾರ್, ಕೆಂಪಣ್ಣ ಮಂಕಾಗ್ತಿದ್ದಾನೆ. ಅವನಿಗೆ ಪೆಟ್ಟು ಬಿದ್ದು ಎಂಬತ್ತೊಂದು ಗಂಟೆ ಆಗಿಲ್ಲ ಸಾರ್, ಐವತ್ತೇಳು ಆಗಿದೆ. ದಿನ ತಪ್ಪಾಗಿದೆ."

ಆ ಕಡೆಯಿಂದ ಬೈಗುಳ ಬರಲಿಲ್ಲ. ಬಾವಿಳಿಸುವ ಮ್ಯಾನಿಟಾಲ್ ಬಾಟಲಿಯನ್ನು ಈಗಲೇ ಹಾಕಿಸಬೇಕು, ತಲೆಯ ಕಡೆಗೆ ಮಂಚ ಎತ್ತಬೇಕು, ಸ್ಕ್ಯಾನಿಗೆ ಸಿದ್ಧ ಮಾಡಬೇಕು ಎಂದಷ್ಟೇ ಹೇಳಿ ಫೋನು ಇಟ್ಟರು. ಮುಕ್ಕಾಲು ಗಂಟೆಯೊಳಗೆ ರೇಷ್ಮೆ ಪಂಚೆಯಲ್ಲೇ ಬಂದಿಳಿದರು. ಮಿದುಳು ಬಾತು ಒಂದು ಪಕ್ಕಕ್ಕೆ ಸರಿದದ್ದು ಸ್ಕ್ಯಾನಿನಲ್ಲಿ ಕಂಡಿತು. ಸಂಜೆಯ ಹೊತ್ತಿಗೆ ಕೆಂಪಣ್ಣನಿಗೆ ಉಸಿರಾಟದ ಯಂತ್ರವನ್ನು ಹಾಕಬೇಕಾಯಿತು.

ಎಲ್ಲ ಒಂದು ಹಂತಕ್ಕೆ ಬಂದ ಮೇಲೆ ಪ್ರದ್ಯುಮ್ನ ಹಾಳೆಯನ್ನು ಕೈಯಲ್ಲಿ ಹಿಡಿದು ಕೇಳಿದರು: "ಇದು ಹೇಗಾಯಿತು?"

ಸಂಪತ್ಕುಮಾರ ಬಾಯಿ ತೆರೆಯುವಷ್ಟರಲ್ಲಿ ಲಕ್ಷ್ಮಿದೇವಮ್ಮನೇ ಮಾತನಾಡಿದಳು.

"ನಮ್ಮ ಕಡೆ ಜನ ಅಂಗೇ ಹೇಳೋದು ಸಾ, ಬೆಳಕು ಅರಿಯೋಗಂಟ ಮುಂಚಿನ ದಿನದ ವಾರನೇ. ಬೈರಯ್ಯಾರು ಬುದ್ವಾರ ಅಂದ್ರು, ಇವ್ರು ಬರ್ಕಂಡ್ರು."

ಬೆಳಿಗ್ಗೆ ತಾನು ಬಂದು ಎಚ್ಚರಿಸಿದ್ದನ್ನು ಆಕೆ ಹೇಳಲಿಲ್ಲ. ಸಂಪತ್ಕುಮಾರನಿಗೆ ಉಪಕಾರದ ಭಾವ ಹುಟ್ಟಬೇಕಿತ್ತು. ಹುಟ್ಟಿದ್ದು ಇನ್ನೊಂದು ಸುತ್ತಿನ ಅಸೂಯೆ. ಇಷ್ಟು ದೊಡ್ಡ ಮನಸ್ಸು ಕೂಡ ಇವಳಿಗೇ ಇರಬೇಕೆ ಎಂದು ಅವನಿಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಭಾನುವಾರವೆಲ್ಲ ಅವನು ಊರಿಗೆ ಹೋಗಲಿಲ್ಲ. ರಕ್ತ ತೆಗೆದ, ಎಣಿಸಿದ, ವಾರ್ಡಿನ ಬಾಗಿಲವರೆಗೆ ಹೋಗಿ ಹಿಂತಿರುಗಿದ. ಸೋಮವಾರ ಸಂಜೆ ಯಂತ್ರ ತೆಗೆದರು. ಮಂಗಳವಾರ ಬೆಳಿಗ್ಗೆ ಲಕ್ಷ್ಮಿದೇವಮ್ಮ ಮುಖ ಒರೆಸುತ್ತ ಕೇಳಿದಾಗ ಕೆಂಪಣ್ಣ ಬಹಳ ಹೊತ್ತು ಯೋಚಿಸಿ, ಒಡೆದ ಧ್ವನಿಯಲ್ಲಿ, "ಅದ್ನೇ ಎಷ್ಟ್ ಸಲ ಕೇಳ್ತೀಯಕ್ಕಾ, ನೀನೇನ್ ಕೊಂಡ್ಕತೀಯಾ?" ಎಂದ. ನಂಜಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಬಾಗಿಲಲ್ಲಿ ನಿಂತು ಅದನ್ನು ಕೇಳಿದ ಸಂಪತ್ಕುಮಾರ ನೇರವಾಗಿ ಡಾಕ್ಟರ ಕೋಣೆಗೆ ಹೋದ.

"ಸಾರ್, ಶನಿವಾರ ಬೆಳಿಗ್ಗೆ ಒಂಬತ್ತೂವರೆಗೇ ಲಕ್ಷ್ಮಿದೇವಮ್ಮ ನನಗೆ ಬಂದು ಹೇಳಿದ್ದರು, ದಿನ ತಪ್ಪಾಗಿದೆ ಅಂತ. ನನಗೆ ಅರ್ಥವೂ ಆಗಿತ್ತು. ನಾನು ನಿಮಗೆ ಹೇಳಲಿಲ್ಲ."

ಪ್ರದ್ಯುಮ್ನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಯಾಕೆ ಸಂಪತ್?"

"ಹೊಟ್ಟೆಕಿಚ್ಚು ಸಾರ್."

ಡಾಕ್ಟರು ಹೇಳಿದರು: "ನೀವಾಗಿ ಬಂದು ಹೇಳದೆ ಇದ್ದಿದ್ದರೆ ನನಗೆ ಗೊತ್ತಾಗ್ತಾನೇ ಇರಲಿಲ್ಲ. ಆ ಮನುಷ್ಯ ಸತ್ತಿದ್ದರೆ ಬಂದು ಹೇಳ್ತಿದ್ದಿರಾ?"

ಸಂಪತ್ಕುಮಾರ ಗೊತ್ತಿಲ್ಲವೆಂದೇ ಹೇಳಿದ.

"ಕೆಂಪಣ್ಣನ ನಳಿಗೆಗಳನ್ನು ಅಧ್ಯಯನದಿಂದ ತೆಗೆದುಹಾಕಿ. ಇನ್ನು ಮೇಲೆ ಪೆಟ್ಟು ಬಿದ್ದ ಹೊತ್ತನ್ನು ಕೇಳೋದು ಲಕ್ಷ್ಮಿದೇವಮ್ಮ. ಅವರು ಹೇಳ್ತಾರೆ, ನೀವು ಬರೀತೀರಿ. ಇಬ್ಬರೂ ಸಹಿ ಹಾಕಬೇಕು. ಈ ಆಸ್ಪತ್ರೆಯಲ್ಲಿ ನಿಮ್ಮಷ್ಟು ಸರಿಯಾಗಿ ಎಣಿಸೋರಿಲ್ಲ, ಅದಕ್ಕೇ ಇಟ್ಟುಕೊಂಡಿದ್ದೀನಿ."

ಅದು ಕ್ಷಮೆಯೋ ಶಿಕ್ಷೆಯೋ ಅವನಿಗೆ ತಿಳಿಯಲಿಲ್ಲ. ಮುಂದಿನ ಎರಡು ವರ್ಷ, ರೋಗಿ ಬಂದಾಗಲೆಲ್ಲ ಅವನು ಪೆನ್ನು ಹಿಡಿದು ಆಕೆಯ ಪಕ್ಕದಲ್ಲಿ ನಿಲ್ಲುತ್ತಿದ್ದ. "ಬರ್ಕಳಿ ಸಾ" ಎನ್ನುತ್ತಿದ್ದಳು ಆಕೆ, ಏನೂ ನಡೆದೇ ಇಲ್ಲವೆಂಬಂತೆ. "ಹೇಳಿಯಮ್ಮ" ಎನ್ನುತ್ತಿದ್ದ ಅವನು. ಆಕೆ ಜನರನ್ನು ಕೆದಕಿ ಕೆದಕಿ ಕೇಳುವ ರೀತಿ ನೋಡಿದರೆ ಮಾತ್ರ ಅವನಿಗೆ ಹಳೆಯ ಉರಿ ಮತ್ತೆ ಮೇಲೆದ್ದು ಬರುತ್ತಿತ್ತು. ಹಾಲು ಕರೆಯೋಕೆ ಮುಂಚೆಯೋ ಆಮೇಲೋ, ಮೊದಲನೇ ಬಸ್ಸು ಹೋಗಿತ್ತೋ ಇಲ್ಲವೋ ಎಂದು ಕೇಳಿ, ಕಾಲು ಗಂಟೆಯೂ ವ್ಯತ್ಯಾಸವಾಗದಂತೆ ಹೊತ್ತನ್ನು ಹಿಡಿದುಬಿಡುತ್ತಿದ್ದಳು.

ಲೇಖನ ಎರಡು ಸಾವಿರದ ಇಸವಿಯಲ್ಲಿ ಅಚ್ಚಾಯಿತು. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಎರಡು ಹೆಸರುಗಳಿದ್ದವು. ಮೊದಲು ಲಕ್ಷ್ಮಿದೇವಮ್ಮ, ಆಮೇಲೆ ಸಂಪತ್ಕುಮಾರ. ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಹಾಗೆಯೇ ಬರಬೇಕು ಎಂದು ಅವನು ಹಂಸಳಿಗೆ ಎರಡು ಸಲ ವಿವರಿಸಿ ಹೇಳಿದ.

"ನಾನು ಕೇಳಲೇ ಇಲ್ಲವಲ್ಲ" ಎಂದಳು ಹಂಸ.

ಪ್ರದ್ಯುಮ್ನರಿಗೆ ಲಕ್ಷ್ಮಿದೇವಮ್ಮನನ್ನು ನರ್ಸಿನ ಕೆಲಸಕ್ಕೆ ಏರಿಸುವ ಇಚ್ಛೆಯಿತ್ತು. ಹತ್ತನೆಯ ತರಗತಿಯೂ ಆಗಿಲ್ಲವೆಂದು ಆಡಳಿತದವರು ಒಪ್ಪಲಿಲ್ಲ. ಆಕೆ ಅದನ್ನೂ ನಗುತ್ತಲೇ ಕೇಳಿಕೊಂಡಳು. ಎರಡು ಸಾವಿರದ ಆರರಲ್ಲಿ ಮಂಡಿನೋವೆಂದು ಕೆಲಸ ಬಿಟ್ಟು ಗಂಡನೊಡನೆ ಹಿರೀಸಾವೆಗೆ ಹಿಂತಿರುಗಿದಳು. ಸಂಪತ್ಕುಮಾರನೂ ಮರುವರ್ಷ ನಿವೃತ್ತನಾದ. ಎದುರಿಗೆ ಆಕೆಯಿಲ್ಲದಿದ್ದರೆ ಮನಸ್ಸು ತಣ್ಣಗಾಗುತ್ತದೆಂದು ಎಣಿಸಿದ್ದ. ಹಾಗಾಗಲಿಲ್ಲ, ಹಗಲೆಲ್ಲ ಬೇಸರವಾಯಿತು.

ಹೋದ ವರ್ಷ ಬೆಂಗಳೂರಿನಿಂದ ಬರುವಾಗ ಬಸ್ಸು ಹಿರೀಸಾವೆಯಲ್ಲಿ ಕಾಫಿಗೆ ನಿಂತಿತು. ಚನ್ನಪ್ಪ ಮತ್ತೆ ಅಡುಗೆಗೆ ಸೇರಿದ್ದ ಹೋಟೆಲದು. ಮೂಲೆಯ ಮೇಜಿನಲ್ಲಿ ಲಕ್ಷ್ಮಿದೇವಮ್ಮ ಕನ್ನಡಕ ಹಾಕಿಕೊಂಡು ಪುಸ್ತಕ ಓದುತ್ತಿದ್ದಳು. ಹತ್ತನೆಯ ತರಗತಿಯ ವಿಜ್ಞಾನ.

"ಈ ವಯಸ್ಸಿನಲ್ಲಿ ಯಾಕಮ್ಮ?"

"ಮೂರೊತ್ತೂ ಹೋಟ್ಲಲ್ಲಿ ಕೂತು ಏನ್ ಮಾಡಾನ ಸಾ? ಖಾಸಗಿಯಾಗಿ ಪರೀಕ್ಸೆಗೆ ಕಟ್ಟಿವ್ನಿ. ಲೆಕ್ಕ ಪರ್ವಾಗಿಲ್ಲ. ಈ ಬೆಳಕಿನ ಪಾಠ ತಲೆಗೆ ಅತ್ತಾಕಿಲ್ಲ."

ಅವನು ಆ ಬಸ್ಸನ್ನು ಬಿಟ್ಟ. ಬೆಳಕಿನ ಪಾಠ ಮುಗಿಸಿ ಮುಂದಿನ ಬಸ್ಸಿಗೆ ಹೊರಟ. ಆಮೇಲೆ ಪ್ರತಿ ಭಾನುವಾರ ಹೊಳೆನರಸೀಪುರದಿಂದ ಚನ್ನರಾಯಪಟ್ಟಣಕ್ಕೆ, ಅಲ್ಲಿಂದ ಹಿರೀಸಾವೆಗೆ ಎರಡು ಬಸ್ಸು ಬದಲಿಸಿ ಹೋಗತೊಡಗಿದ. ಚನ್ನಪ್ಪ ಕಾಫಿ ತಂದಿಟ್ಟು, "ನಮ್ಮೋಳಿಗೆ ಮೇಷ್ಟ್ರು ಸಿಕ್ಕವ್ರೆ, ನಂಗೆ ತರ್ಕಾರಿ ಎಚ್ಚೋರು ಇಲ್ದಂಗಾಯ್ತು" ಎಂದು ಗೊಣಗುತ್ತಿದ್ದ.

ಈ ಸಲದ ಪರೀಕ್ಷೆಯಲ್ಲಿ ಇಂಗ್ಲಿಷ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಪಾಸಾಗಿದೆ. ಐವತ್ತನಾಲ್ಕು ವರ್ಷದ ಲಕ್ಷ್ಮಿದೇವಮ್ಮ ಈಗ ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ, ಎರಡರಿಂದ ನಾಲ್ಕರವರೆಗೆ, ಅದೇ ಮೂಲೆಯ ಮೇಜಿನಲ್ಲಿ ಕುಳಿತು ಇಂಗ್ಲಿಷ್ ಪದ್ಯಗಳನ್ನು ಬಾಯಿಪಾಠ ಮಾಡುತ್ತಿದ್ದಾಳೆ. ವಿಜ್ಞಾನದಲ್ಲಿ ಆಕೆಗೆ ಬಂದಿರುವುದು ಎಪ್ಪತ್ತೊಂದು. ಸಂಪತ್ಕುಮಾರನಿಗೆ ತನ್ನ ಕಾಲದಲ್ಲಿ ಬಂದದ್ದು ಐವತ್ತೆಂಟು. ಪಾಸಾದಳೆಂದು ಅವನು ಮನೆಯಲ್ಲಿ ಸಂತೋಷದಿಂದಲೇ ಹೇಳಿದ. ಎಷ್ಟು ಬಂತೆಂದು ಹಂಸ ಕೇಳಿದಾಗ, ನೆನಪಿಲ್ಲವೆಂದುಬಿಟ್ಟ.